ಕಡಲಿಲ್ಲದ ನಾಡಿನಲ್ಲೊಂದು ಕಡಲಹಕ್ಕಿ

ಕಡಲಹಕ್ಕಿ ಎಂದೊಡನೆ ಕಾರವಾರ, ಮಲ್ಪೆಗಳ ನೆನಪಾಗುವುದು ಸಹಜ. ಬಿಸಿಲಿಗೆ ಹೆಸರಾದ ಬಳ್ಳಾರಿಗೂ ಕಡಲಹಕ್ಕಿಗೂ ಎಲ್ಲಿಯ ನಂಟು? ಸಿರುಗುಪ್ಪದ ಬಳಿ ತುಂಗಭದ್ರೆಯ ದಂಡೆಯಲ್ಲಿ ಮುಂಜಾನೆ ತಾಳ್ಮೆಯಿಂದ ಕುಳಿತವರಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕೀತು. ತಲೆಗೆ ಕರಿ ಟೋಪಿ, ಬೂದು ಬೆನ್ನು, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ನೀರಿನ ಮೇಲೆ ತಲೆ ತಗ್ಗಿಸಿ ಹಾರುತ್ತಾ ಬಂದು, ತಟ್ಟನೆ ಧುಮುಕಿ ಮೀನು ಹಿಡಿಯುವ ಈ ಹಕ್ಕಿಯೇ ಹೊಳೆ ರೀವ. ವಿಜ್ಞಾನಿಗಳು ಇದನ್ನು ‘ಸ್ಟರ್ನಾ ಆರಾನ್ಶಿಯಾ’ ಎನ್ನುತ್ತಾರೆ.

ರೀವಗಳದ್ದು ಕಡಲಿನ ಗಲ್ ಹಕ್ಕಿಗಳ ಕುಟುಂಬ. ವರ್ಷಕ್ಕೆ ಸುಮಾರು 70,000 ಕಿ.ಮೀ. ಹಾರಿ ಉತ್ತರ ಧ್ರುವ ಪ್ರದೇಶದಿಂದ ದಕ್ಷಿಣ ಧ್ರುವ ಪ್ರದೇಶಕ್ಕೆ ಹೋಗಿಬರುವ ಆರ್ಕ್ಟಿಕ್ ರೀವ ಇವುಗಳ ಹತ್ತಿರದ ಬಂಧು. ಚಳಿಗಾಲದಲ್ಲಿ ಇನ್ನೊಬ್ಬ ನೆಂಟ ದಕ್ಷಿಣ ಭಾರತಕ್ಕೆ ಬರುತ್ತಾನೆ; ಅವನೇ ಮೀಸೆ ರೀವ. ನೀರು ನಿಂತ ಭತ್ತದ ಗದ್ದೆಯ ಹುಳು, ಗೊದಮೊಟ್ಟೆಗಳೇ ಅವನ ಊಟ. ಕುರುಗೋಡು, ಸಿರುಗುಪ್ಪದ ಕಡೆ ಎಲ್.ಎಲ್.ಸಿ. ಕಾಲುವೆಯ ನೀರುಂಡ ಗದ್ದೆಗಳೂ ಅಂಥವೇ.

ಕಡಲಲ್ಲಿ ಬಾಳುವ ರೀವಗಳು ಉಪ್ಪುನೀರನ್ನೇ ಕುಡಿಯಬಲ್ಲವು. ಅವುಗಳ ಕಣ್ಣಿನ ಮೇಲ್ಭಾಗದಲ್ಲಿರುವ ಗ್ರಂಥಿಗಳು ರಕ್ತದಲ್ಲಿನ ಹೆಚ್ಚಿನ ಉಪ್ಪನ್ನು ಸೋಸಿ ಮೂಗಿನ ಹೊಳ್ಳೆಯ ಮೂಲಕ ಹೊರಹಾಕುತ್ತವೆ. ಸಿಹಿನೀರನ್ನು ನೆಚ್ಚಿದ ಹೊಳೆ ರೀವಕ್ಕೆ ಆ ಕೆಲಸ ಅಷ್ಟಾಗಿ ಬೇಕಿಲ್ಲ. ಆದರೆ ತನ್ನ ಕುಲದ ಇನ್ನೊಂದು ರೂಢಿಯನ್ನು ಅದು ಬಿಟ್ಟಿಲ್ಲ. ಅದು ಬರಿಯ ಮರಳಿನ ಮೇಲೆ ಮೊಟ್ಟೆಯಿಡುವುದು.

ಲಕ್ಷದ್ವೀಪದಲ್ಲಿ ಪಿಟ್ಟಿ ಎಂಬ ಪುಟ್ಟ ಮರಳು ದ್ವೀಪವಿದೆ. ಅಲ್ಲಿ ಜನವಸತಿಯಿಲ್ಲ, ಮರಗಳೂ ಇಲ್ಲ. ಕಡಲ ರೀವಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಸುತ್ತಲೂ ನೀರಿರುವುದರಿಂದ ನಾಯಿ, ನರಿಗಳ ಭಯವಿಲ್ಲ. ನದಿಯಲ್ಲಿ ಅಂಥ ದ್ವೀಪವಾಗುವುದು ಬೇಸಿಗೆಯ ಮರಳುದಿಬ್ಬ. ನಮ್ಮ ರಾಜ್ಯದಲ್ಲಿ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಹೊಳೆ ರೀವಗಳ ದೊಡ್ಡ ಸಂಸಾರವೇ ನೆರೆಯುತ್ತದೆ. ಹಕ್ಕಿ ಮರಳಿನಲ್ಲಿ ಸಣ್ಣ ಗುಳಿ ಮಾಡಿ ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಸುಡುವ ಬಿಸಿಲಿಗೆ ಮೊಟ್ಟೆ ಬೆಂದುಹೋಗದಂತೆ ತಾಯಿ ತಂದೆ ರೆಕ್ಕೆಯ ನೆರಳು ಕೊಡುತ್ತವೆ. ನದಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಣಿಸುವುದೂ ಉಂಟು!

ಹಕ್ಕಿಗೆ ಕುತ್ತು ಬರುವುದೂ ಇಲ್ಲಿಯೇ. ಮರಳು ತೆಗೆದರೆ ದಿಬ್ಬವೇ ಇಲ್ಲ. ಸುತ್ತಲಿನ ನೀರು ಬತ್ತಿದರೆ ನಾಯಿ, ದನಗಳು ನಡೆದೇ ಬರುತ್ತವೆ. ಮೇಲಿನ ಅಣೆಕಟ್ಟೆಯಿಂದ ಒಮ್ಮೆಲೇ ನೀರು ಬಿಟ್ಟರೆ ಗೂಡು ಕೊಚ್ಚಿಹೋಗುತ್ತದೆ. ಇಂಥ ಕಾರಣಗಳಿಂದ ಸಂಖ್ಯೆ ಇಳಿದು, 2020ರಲ್ಲಿ ಐ.ಯು.ಸಿ.ಎನ್. ಸಂಸ್ಥೆ ಹೊಳೆ ರೀವವನ್ನು ಅಳಿವಿನ ಅಪಾಯವಿರುವ ಹಕ್ಕಿಗಳ ಸಾಲಿಗೆ ಸೇರಿಸಿತು.

ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಕೊಡುವ ಅಲ್ಲೀಪುರ ಕೆರೆ ತುಂಬುವುದು ತುಂಗಭದ್ರೆಯಿಂದ. ಕುರುಗೋಡಿನ ಗದ್ದೆಗೂ ಅದೇ ನೀರು, ಸಿರುಗುಪ್ಪದ ರೀವಕ್ಕೂ ಅದೇ ನೀರು. ನಾವು ನೀರನ್ನೂ ಬಳಸುತ್ತೇವೆ, ಮರಳನ್ನೂ ಬಳಸುತ್ತೇವೆ. ರೀವ ಕೇಳುವುದು ಬೇಸಿಗೆಯ ಕೆಲವು ವಾರಗಳ ಮಟ್ಟಿಗೆ ಒಂದಿಷ್ಟು ಮರಳನ್ನು ಮಾತ್ರ.

ಮಕ್ಕಳೇ, ಬೇಸಿಗೆ ರಜೆಯಲ್ಲಿ ಹಿರಿಯರೊಡನೆ ಹೊಳೆಯ ಕಡೆ ಹೋದಾಗ ದಂಡೆಯಲ್ಲೇ ಕುಳಿತು ರೀವಗಳನ್ನು ಎಣಿಸಿ. ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಕ್ಕಿಗಳು ಕೂಗುತ್ತಾ ತಲೆಯ ಮೇಲೆ ಎರಗಿ ಬಂದರೆ ಗೂಡು ಸಮೀಪದಲ್ಲಿದೆ ಎಂದು ತಿಳಿದು ಹಿಂದಕ್ಕೆ ಸರಿಯಿರಿ. ನೀವು ಅಲ್ಲಿ ನಿಂತಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಲ್ಲಿರುತ್ತವೆ.