ಪದವಿಯ ನಂತರದ ಐವತ್ತು ವರ್ಷ

ಕರ್ನಾಟಕದ ಹಳೆಯ ಕಾಲೇಜುಗಳ ಹಿರಿಮೆ ಹೇಳಬೇಕಾದಾಗ ಕೆಲವು ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಮೈಸೂರಿನ ಮಹಾರಾಜ ಕಾಲೇಜು ಎಂದರೆ ಕುವೆಂಪು, ಆರ್.ಕೆ. ನಾರಾಯಣ್, ಎಂ.ಎನ್. ಶ್ರೀನಿವಾಸ್. ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂದರೆ ವಿಶ್ವೇಶ್ವರಯ್ಯ, ರಾಜಾಜಿ. ಧಾರವಾಡದ ಕರ್ನಾಟಕ ಕಾಲೇಜು ಎಂದರೆ ಗಿರೀಶ ಕಾರ್ನಾಡ. ಈ ಹೆಮ್ಮೆ ನ್ಯಾಯವಾದದ್ದೇ. ಆದರೆ ಅದೇ ವರ್ಷ ಅದೇ ತರಗತಿಯಲ್ಲಿ ಕೂತು ಅದೇ ಅಧ್ಯಾಪಕರ ಪಾಠ ಕೇಳಿದ ಉಳಿದವರು ಏನಾದರು? ಯಾರು ತಾಲ್ಲೂಕಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದರು, ಯಾರು ಓದು ಮುಗಿದ ಮೇಲೆ ತೋಟಕ್ಕೆ ಮರಳಿದರು, ಯಾರು ಮದುವೆಯಾಗಿ ಕೆಲಸ ಬಿಟ್ಟರು, ಯಾರು ಐವತ್ತನೆಯ ವಯಸ್ಸಿನಲ್ಲಿ ಹೊಸದೊಂದು ಬದುಕು ಕಟ್ಟಿಕೊಂಡರು? ಒಂದು ಕಾಲೇಜು ಸಮಾಜಕ್ಕೆ ಏನು ಕೊಟ್ಟಿತು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಈ ದೊಡ್ಡ ಗುಂಪಿನ ಬದುಕಿನಲ್ಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಬದುಕಿನ ಸಮಾಚಾರವನ್ನು ಕೆಲವು ವರ್ಷಗಳಿಗೊಮ್ಮೆ ತಾವೇ ಬರೆದು ಕೊಡುವ, ಕಾಲೇಜು ಅದನ್ನು ಜೋಪಾನ ಮಾಡುವ ಪದ್ಧತಿ ನಮ್ಮಲ್ಲೂ ಬೇರೂರಬೇಕು ಎಂಬುದು ಈ ಲೇಖನದ ವಾದ.

ಇದು ಹೊಸ ಆಲೋಚನೆಯೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜು 1821ರಲ್ಲಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಅದರ ಅಧ್ಯಕ್ಷರೇ ಕೆಲವು ವಿದ್ಯಾರ್ಥಿಗಳೊಂದಿಗೆ ಹೊರಟು ಆಮ್ಹರ್ಸ್ಟ್‌ನಲ್ಲಿ ಬೇರೆ ಕಾಲೇಜು ಶುರುಮಾಡಿದ್ದರು. ಆಗ ಹಳೆಯ ವಿದ್ಯಾರ್ಥಿಗಳು ಒಂದುಗೂಡಿ ಸಂಘ ಕಟ್ಟಿ ಕಾಲೇಜಿನ ಬೆನ್ನಿಗೆ ನಿಂತರು. ಇಂದಿಗೂ ನಡೆಯುತ್ತಿರುವ ಇಂಥ ಸಂಘಗಳಲ್ಲಿ ಅದೇ ಅತ್ಯಂತ ಹಳೆಯದು. ಮುಂದೆ ಅಲ್ಲಿನ ಕಾಲೇಜುಗಳಲ್ಲಿ ಪ್ರತಿ ಬ್ಯಾಚಿಗೂ ಒಬ್ಬ ಕಾರ್ಯದರ್ಶಿ ಇರುವ ರೂಢಿ ಬೆಳೆಯಿತು. ಸಹಪಾಠಿಗಳಿಂದ ಸುದ್ದಿ ಕೇಳಿ ತರಿಸಿಕೊಂಡು, ಸೇರಿಸಿ, ಕಾಲೇಜಿನ ಪತ್ರಿಕೆಗೆ ಕಳಿಸುವುದು ಆತನ ಕೆಲಸ. ಹೊಸ ನೌಕರಿ, ಮದುವೆ, ಮಗು, ನಿವೃತ್ತಿ, ಸಾವು ಎಲ್ಲವೂ ವರ್ಷವಾರು ಅಚ್ಚಾಗುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಂತೂ ಐದು ವರ್ಷಕ್ಕೊಮ್ಮೆ ಪ್ರತಿ ಬ್ಯಾಚಿನ ವರದಿ ಪುಸ್ತಕವೇ ಹೊರಬರುತ್ತದೆ. ಬೇರೆ ಬೇರೆ ಬ್ಯಾಚುಗಳ ಪುಸ್ತಕಗಳ ಪುಟ ತಿರುಗಿಸಿದರೆ ಅರವತ್ತು ವರ್ಷದ ಹಿಂದೆ ಓದಿದವರೂ ಮೊನ್ನೆ ಮೊನ್ನೆ ಪದವಿ ಪಡೆದವರೂ ಒಂದೇ ಬಗೆಯ ಪ್ರಶ್ನೆಗಳಿಗೆ ತಂತಮ್ಮ ಕಾಲದ ಉತ್ತರ ಕೊಡುವುದು ಕಾಣುತ್ತದೆ.

ಸಾಮಾನ್ಯರನ್ನೂ ಬಿಡದೆ ದಾಖಲಿಸುವ ಈ ಹಟಕ್ಕೆ ಇನ್ನೂ ದೊಡ್ಡ ನಿದರ್ಶನ ಇಂಗ್ಲೆಂಡಿನಲ್ಲಿದೆ. ಗಣಿತದ ಪಠ್ಯಗಳಲ್ಲಿ ನಾವು ಕಲಿಯುವ ವೆನ್ ಚಿತ್ರಗಳ ಜಾನ್ ವೆನ್ ತಮ್ಮ ಇಳಿವಯಸ್ಸನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪಟ್ಟಿಗೆ ಮೀಸಲಿಟ್ಟರು. ಆರಂಭದ ದಿನಗಳಿಂದ 1900ರವರೆಗೆ ಅಲ್ಲಿ ಓದಿದ, ಗೊತ್ತಾದ ಪ್ರತಿಯೊಬ್ಬರ ಹೆಸರು, ಊರು, ತಂದೆಯ ಕಸುಬು, ಮುಂದಿನ ಬದುಕು ಅದರಲ್ಲಿ ಇರಬೇಕೆಂಬುದು ಸಂಕಲ್ಪ. 1922ರಲ್ಲಿ ಮೊದಲ ಸಂಪುಟ ಬಂತು, ಮರುವರ್ಷ ಅವರು ತೀರಿಕೊಂಡರು. ಮಗ ಆ ಕೆಲಸ ಮುಂದುವರಿಸಿ 1954ರ ಹೊತ್ತಿಗೆ ಹತ್ತು ಸಂಪುಟಗಳು ಪೂರ್ಣವಾದವು. ಅದರಲ್ಲಿ ನ್ಯೂಟನ್, ಡಾರ್ವಿನ್ ಇದ್ದಾರೆ. ಹಳ್ಳಿಯ ಚರ್ಚಿನಲ್ಲಿ ಜೀವಮಾನ ಕಳೆದ ಅಸಂಖ್ಯ ಪಾದ್ರಿಗಳೂ ಶಾಲಾ ಮಾಸ್ತರರೂ ಇದ್ದಾರೆ. ಒಬ್ಬೊಬ್ಬರಿಗೂ ಕೆಲವೇ ಸಾಲು. ಆದರೆ ಎಲ್ಲವನ್ನೂ ಒಟ್ಟಿಗೆ ಓದಿದಾಗ ಯಾವ ಕಾಲದಲ್ಲಿ ಯಾವ ಮನೆತನದ ಮಕ್ಕಳು ಓದಲು ಬಂದರು, ಓದಿ ಏನಾದರು ಎಂಬ ಚರಿತ್ರೆ ತೆರೆದುಕೊಳ್ಳುತ್ತದೆ. ಪ್ರಸಿದ್ಧರ ಪಟ್ಟಿಯನ್ನಷ್ಟೇ ಇಟ್ಟುಕೊಂಡಿದ್ದರೆ ಈ ಚರಿತ್ರೆ ಯಾರಿಗೂ ಸಿಗುತ್ತಿರಲಿಲ್ಲ.

ಇಂಥ ವಿಚಾರಣೆ ಚರಿತ್ರೆ ಬರೆಯುವುದಷ್ಟೇ ಅಲ್ಲ, ಚರಿತ್ರೆಯನ್ನು ಬದಲಿಸಿದ್ದೂ ಉಂಟು. ಬೆಟ್ಟಿ ಫ್ರೀಡನ್ 1942ರಲ್ಲಿ ಸ್ಮಿತ್ ಎಂಬ ಮಹಿಳಾ ಕಾಲೇಜಿನಿಂದ ಪದವಿ ಪಡೆದವರು. ಹದಿನೈದು ವರ್ಷದ ನಂತರ, 1957ರಲ್ಲಿ, ಆ ಬ್ಯಾಚಿನ ಪುನರ್ಮಿಲನಕ್ಕಾಗಿ ಸಹಪಾಠಿಗಳಿಗೆ ಪ್ರಶ್ನಾವಳಿ ಕಳಿಸುವ ಹೊಣೆ ಅವರ ಮೇಲೆ ಬಿತ್ತು. ಹೆಚ್ಚಿನ ಓದು ಹೆಣ್ಣುಮಕ್ಕಳನ್ನು ಸಂಸಾರಕ್ಕೆ ಅಯೋಗ್ಯರನ್ನಾಗಿಸುತ್ತದೆ ಎಂಬ ಆ ಕಾಲದ ಮಾತು ಸುಳ್ಳೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಸುಮಾರು ಇನ್ನೂರು ಮಂದಿ ಉತ್ತರಿಸಿದರು. ಆ ಉತ್ತರಗಳು ಬೇರೆಯೇ ಕಥೆ ಹೇಳಿದವು. ಒಳ್ಳೆಯ ಮನೆ, ಗಂಡ, ಮಕ್ಕಳು ಎಲ್ಲ ಇದ್ದೂ ಕಲಿತದ್ದಕ್ಕೆ ಬದುಕಿನಲ್ಲಿ ಜಾಗವಿಲ್ಲದೆ ಒಳಗೊಳಗೇ ಕುಗ್ಗಿದವರು ಅನೇಕರಿದ್ದರು. ಪ್ರತಿಯೊಬ್ಬಳೂ ಅದನ್ನು ತನ್ನೊಬ್ಬಳ ಕೊರತೆ ಎಂದುಕೊಂಡಿದ್ದಳು. ಆ ಪ್ರಶ್ನಾವಳಿಯಿಂದ ಹುಟ್ಟಿದ ‘ದಿ ಫೆಮಿನಿನ್ ಮಿಸ್ಟೀಕ್’ 1963ರಲ್ಲಿ ಪ್ರಕಟವಾಗಿ ಅಮೆರಿಕದ ಮಹಿಳಾ ಚಳವಳಿಗೆ ಹೊಸ ಚಾಲನೆ ಕೊಟ್ಟಿತು. ಸಾಧಕಿಯರನ್ನಷ್ಟೇ ವೇದಿಕೆಗೆ ಕರೆದು ಶಾಲು ಹೊದಿಸಿ ಕಳಿಸಿದ್ದರೆ ಆ ಇನ್ನೂರು ಮಂದಿಯ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಬದುಕನ್ನು ಒಮ್ಮೆ ಅಳೆದರೆ ಸಾಲದು, ಮತ್ತೆ ಮತ್ತೆ ಕೇಳಬೇಕು ಎಂಬುದಕ್ಕೆ ಹಾರ್ವರ್ಡಿನ ಅಧ್ಯಯನವೊಂದು ಸಾಕ್ಷಿ. 1938ರಲ್ಲಿ ಶುರುವಾದ ಅದು 268 ವಿದ್ಯಾರ್ಥಿಗಳನ್ನು ಆರಿಸಿಕೊಂಡು ಜೀವನದುದ್ದಕ್ಕೂ ಹಿಂಬಾಲಿಸಿತು. ಮುಂದೆ ಅಧ್ಯಕ್ಷರಾದ ಜಾನ್ ಕೆನಡಿ ಕೂಡ ಅವರಲ್ಲೊಬ್ಬರು. ಆರಂಭದಲ್ಲಿ ವಿಜ್ಞಾನಿಗಳು ಅವರ ಮೈಕಟ್ಟನ್ನೆಲ್ಲ ಅಳೆದರು, ಭವಿಷ್ಯ ಅದರಲ್ಲಿ ಅಡಗಿದೆ ಎಂಬ ನಂಬಿಕೆಯಿಂದ. ದಶಕಗಳು ಕಳೆದ ಮೇಲೆ ಆ ಅಳತೆಗಳು ಕೆಲಸಕ್ಕೆ ಬರಲಿಲ್ಲ. ಹತ್ತಿರದವರೊಂದಿಗಿನ ಸಂಬಂಧ ಹೇಗಿತ್ತು ಎಂಬುದು ಮುಪ್ಪಿನ ಆರೋಗ್ಯವನ್ನೂ ನೆಮ್ಮದಿಯನ್ನೂ ಹೆಚ್ಚು ಚೆನ್ನಾಗಿ ಸೂಚಿಸಿತು. ಹಾಗೆಯೇ ಕ್ಯಾಲಿಫೋರ್ನಿಯಾದ ಮಿಲ್ಸ್ ಮಹಿಳಾ ಕಾಲೇಜಿನಲ್ಲಿ 1958 ಮತ್ತು 1960ರ ಬ್ಯಾಚುಗಳ ವಿದ್ಯಾರ್ಥಿನಿಯರನ್ನು ರವೆನಾ ಹೆಲ್ಸನ್ ಎಂಬ ಮನಶ್ಶಾಸ್ತ್ರಜ್ಞೆ ಅರ್ಧ ಶತಮಾನ ಕಾಲ ಗಮನಿಸಿದರು. ಆ ಮಹಿಳೆಯರಲ್ಲಿ ಹಲವರಿಗೆ ಐವತ್ತರ ಆಸುಪಾಸು ಬದುಕಿನ ಅತ್ಯುತ್ತಮ ಕಾಲವಾಗಿ ಕಂಡಿತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ಲೆಕ್ಕ ಮುಗಿಸಿದ್ದರೆ ಈ ಸಂಗತಿ ಹೇಗೆ ತಿಳಿಯುತ್ತಿತ್ತು?

ನಾವಾದರೋ ಇಪ್ಪತ್ತೆರಡಕ್ಕೇ ಲೆಕ್ಕ ಮುಗಿಸುತ್ತಿದ್ದೇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಪ್ರತಿ ವರ್ಷ ಹೊರಹೋದವರಲ್ಲಿ ಎಷ್ಟು ಜನರಿಗೆ ಪ್ಲೇಸ್‌ಮೆಂಟ್ ಆಯಿತು, ಎಷ್ಟು ಜನ ಮುಂದೆ ಓದಿದರು ಎಂದು ಕೇಳುತ್ತದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಇಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಪದವೀಧರರ ಸಂಬಳದ ಮಧ್ಯಮ ಮೊತ್ತವನ್ನೂ ನೋಡುತ್ತದೆ. ಹಳೆಯ ವಿದ್ಯಾರ್ಥಿ ಸಂಘದ ಬಗ್ಗೆ ನ್ಯಾಕ್ ಕೇಳುತ್ತದೆ ನಿಜ, ಆದರೆ ಅಲ್ಲಿಯೂ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಅವರು ಕೊಟ್ಟ ದೇಣಿಗೆ, ಮಾಡಿದ ನೆರವು. ದೇಣಿಗೆ ಕೆಟ್ಟದ್ದೆಂದು ಯಾರೂ ಹೇಳಲಾರರು. ಬೆಂಗಳೂರಿನವರೇ ಆದ ನಂದನ್ ನಿಲೇಕಣಿ ಐಐಟಿ ಬಾಂಬೆ ಸೇರಿ ಐವತ್ತು ವರ್ಷವಾದಾಗ, 2023ರಲ್ಲಿ, ಆ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದರಿಂದ ಮುಂದಿನ ತಲೆಮಾರಿಗೆ ಒಳಿತೇ ಆಗುತ್ತದೆ. ಆದರೆ ಸಂಬಂಧ ಹಣಕ್ಕಷ್ಟೇ ನಿಂತರೆ, ಕೊಡಲು ಏನೂ ಇಲ್ಲದವರು ಕಾಲೇಜಿನ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ನಾಡಿನ ತಲೆಮಾರುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಎಷ್ಟು ದೊಡ್ಡ ಕಥೆ ದಾಖಲಾಗದೆ ಜಾರುತ್ತಿದೆ ಎಂಬುದು ತಿಳಿಯುತ್ತದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಕಾಲದ ಪದವೀಧರರಲ್ಲಿ ಹಲವರಿಗೆ ಸಂಸ್ಥಾನದ ನೌಕರಿಯೇ ಗುರಿ. ಸ್ವಾತಂತ್ರ್ಯದ ಹೊತ್ತಿನಿಂದ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬೆಳೆದು ಇಂಜಿನಿಯರುಗಳ ಒಂದು ತಲೆಮಾರನ್ನೇ ಸೆಳೆದುಕೊಂಡವು. ಆ ಎಚ್‌ಎಂಟಿಯ ಕೈಗಡಿಯಾರ ಘಟಕವನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿ ಬದುಕು ಕಟ್ಟಿಕೊಂಡವರು ಆಮೇಲೆ ಏನು ಮಾಡಿದರು? 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದ ನಂತರ, ಮೀಸಲಾತಿ ಮತ್ತು ಸರ್ಕಾರಿ ಹಾಸ್ಟೆಲುಗಳ ಬಲದಿಂದ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರ ದೊಡ್ಡ ತಲೆಮಾರು ಬಂತು. ಆ ಪದವಿ ಅವರ ತಮ್ಮ ತಂಗಿಯರ ಓದನ್ನು, ಮನೆಯ ಸಾಲವನ್ನು, ಊರಿನಲ್ಲಿ ಅವರಿಗೆ ಸಿಗುವ ಮರ್ಯಾದೆಯನ್ನು ಎಷ್ಟು ಬದಲಿಸಿತು? 1990ರ ದಶಕದಿಂದ ಸಾಫ್ಟ್‌ವೇರ್ ಸೇರಿ ಅಮೆರಿಕ, ಯುರೋಪು ತಲುಪಿದವರ ತಂದೆತಾಯಿಯರನ್ನು ಊರಿನಲ್ಲಿ ಯಾರು ನೋಡಿಕೊಳ್ಳುತ್ತಿದ್ದಾರೆ? ಇಂಥ ಪ್ರಶ್ನೆಗಳಿಗೆ ಉತ್ತರ ಸರ್ಕಾರಿ ಕಡತಗಳಲ್ಲಿ ಸಿಗುವುದಿಲ್ಲ. ಬದುಕಿದವರೇ ಹೇಳಬೇಕು, ಅವರು ಇರುವಾಗಲೇ ಕೇಳಬೇಕು.

ಇದಕ್ಕೆ ಎದುರಾಡುವವರ ಮೊದಲ ಮಾತು, ತಾವೇ ಬರೆದುಕೊಂಡ ಸಮಾಚಾರವನ್ನು ನಂಬುವುದು ಹೇಗೆ ಎಂಬುದು. ಗೆದ್ದವರು ಬರೆಯುತ್ತಾರೆ, ಸೋತವರು ಸುಮ್ಮನಿರುತ್ತಾರೆ. ಈ ಆಕ್ಷೇಪಕ್ಕೆ ತೂಕವಿದೆ. 2012ರಲ್ಲಿ ಹಾರ್ವರ್ಡಿನ 1962ರ ಬ್ಯಾಚಿನ ಐವತ್ತನೆಯ ವರ್ಷದ ವರದಿಯಲ್ಲಿ, ಅಂಚೆಯಲ್ಲಿ ಬಾಂಬು ಕಳಿಸಿ ಮೂವರನ್ನು ಕೊಂದ ಟೆಡ್ ಕಜಿನ್‌ಸ್ಕಿ ತನ್ನ ಉದ್ಯೋಗ ಕೈದಿ ಎಂದೂ, ಪಡೆದ ಪುರಸ್ಕಾರ ಎಂಟು ಜೀವಾವಧಿ ಶಿಕ್ಷೆ ಎಂದೂ ಬರೆದುಕೊಟ್ಟದ್ದು ಹಾಗೆಯೇ ಅಚ್ಚಾಗಿ, ಹಳೆಯ ವಿದ್ಯಾರ್ಥಿ ಸಂಘ ವಿಷಾದ ಸೂಚಿಸಬೇಕಾಯಿತು. ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಅಚ್ಚುಹಾಕಬಾರದು ಎಂಬುದು ಇದರ ಪಾಠ, ಕೇಳಲೇಬಾರದು ಎಂಬುದಲ್ಲ. ಬ್ಯಾಚಿನವರನ್ನು ಹತ್ತಿರದಿಂದ ಬಲ್ಲ ಒಬ್ಬರು ಓದಿ ನೋಡಿದರೆ ಇಂಥದ್ದು ತಡೆಯಬಹುದು. ಇನ್ನು ಸುಮ್ಮನಿದ್ದವರ ವಿಷಯ. ನೂರು ಜನರಲ್ಲಿ ಎಷ್ಟು ಮಂದಿ ಉತ್ತರಿಸಲಿಲ್ಲ ಎಂಬುದನ್ನೂ ಪ್ರತಿ ಸಲ ಬರೆದಿಟ್ಟರೆ ಆ ಮೌನವೂ ದಾಖಲೆಯ ಭಾಗವಾಗುತ್ತದೆ. ಐದು ವರ್ಷದ ನಂತರ ಮತ್ತೆ ಕೇಳಿದಾಗ ಅವರಲ್ಲಿ ಕೆಲವರಾದರೂ ಮಾತಾಡಬಹುದು.

ಎರಡನೆಯ ಆಕ್ಷೇಪ, ಹಾರ್ವರ್ಡಿನ ಸಿರಿವಂತ ಬಿಳಿಯ ಗಂಡಸರ ಕಥೆಯಿಂದ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮಕ್ಕಳಿಗೇನು ಎಂಬುದು. ಆ 268 ಮಂದಿ ಇಡೀ ಮನುಕುಲದ ಪ್ರತಿನಿಧಿಗಳಲ್ಲ ಎಂಬುದು ಸರಿ. ಆದರೆ ಮುಂದೆ ಆ ಅಧ್ಯಯನಕ್ಕೆ ಬಾಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರ ಜೀವನಾಧ್ಯಯನವೂ ಜೊತೆಯಾಯಿತು. ಸಂಬಂಧಗಳ ವಿಷಯದಲ್ಲಿ ಅದೇ ನೀತಿ ಅಲ್ಲೂ ಕಂಡಿತು. ನಿಜ ಹೇಳಬೇಕೆಂದರೆ ಶ್ರೀಮಂತ ಸಂಸ್ಥೆಗಳಿಗಿಂತ ನಮಗೇ ಇದರ ಅಗತ್ಯ ಹೆಚ್ಚು. ದೊಡ್ಡ ಮನೆತನದವರ ಬದುಕು ಹೇಗೋ ದಾಖಲಾಗುತ್ತದೆ. ಜೇವರ್ಗಿಯಲ್ಲೋ ಹೊಸದುರ್ಗದಲ್ಲೋ ಬಿ.ಎ. ಮುಗಿಸಿದ ಹುಡುಗಿಯ ಮುಂದಿನ ಮೂವತ್ತು ವರ್ಷ ಎಲ್ಲೂ ಬರೆಯಲ್ಪಡುವುದಿಲ್ಲ. ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ತೆರಿಗೆಯ ಹಣದಿಂದ ನಡೆಸುವ ರಾಜ್ಯಕ್ಕೆ ಅದು ತಿಳಿದಿರಬೇಡವೇ?

ಖಾಸಗಿತನದ ಪ್ರಶ್ನೆಯನ್ನಂತೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಂದ್ರದಲ್ಲಿಟ್ಟಿದೆ. ಹಾಗಾಗಿ ಯಾವ ಮಾತು ಸಹಪಾಠಿಗಳಿಗೆ, ಯಾವುದು ಸಂಶೋಧಕರಿಗೆ ಮಾತ್ರ, ಯಾವುದು ಯಾರಿಗೂ ಬೇಡ ಎಂದು ಬರೆದವರೇ ತೀರ್ಮಾನಿಸಬೇಕು. ವಿಳಾಸ, ಫೋನ್ ನಂಬರು ಅಚ್ಚಾಗಬಾರದು. ಹೀಗೆ ಬರೆಸಿದರೆ ಹೋಲಿಕೆಯ ನೋವು ಹೆಚ್ಚುತ್ತದೆ ಎನ್ನುವವರೂ ಇದ್ದಾರೆ. ಆ ನೋವು ಹುಟ್ಟುವುದು ಬಡ್ತಿ, ಕಾರು, ಗೃಹಪ್ರವೇಶ, ವಿದೇಶ ಪ್ರವಾಸಗಳಷ್ಟೇ ಕಣ್ಣಿಗೆ ಬೀಳುವ ಕಡೆ. ಒಂದೇ ಬ್ಯಾಚಿನಲ್ಲಿ ಕೆಲಸ ಕಳೆದುಕೊಂಡವರು, ವಿಚ್ಛೇದನ ಪಡೆದವರು, ಕಾಯಿಲೆಯಿಂದ ಎದ್ದವರು, ನಡುವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಕಟ್ಟಿದವರು ಎಲ್ಲರೂ ತಮ್ಮ ಮಾತು ಬರೆದಾಗ, ಫ್ರೀಡನ್ ಅವರ ಸಹಪಾಠಿಗಳಿಗೆ ಆದಂತೆ, ಇದು ನನ್ನೊಬ್ಬಳ ಕಥೆಯಲ್ಲ ಎಂಬ ಧೈರ್ಯ ಬರುತ್ತದೆ.

ಖರ್ಚು, ಸಿಬ್ಬಂದಿ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲೇ ಇದೆ. ಇಂದು ಊರೂರಿನಲ್ಲೂ ಸ್ನೇಹ ಸಮ್ಮಿಲನ, ಗುರುವಂದನೆ ನಡೆಯುತ್ತಿವೆ. ಒಂದೊಂದು ಬ್ಯಾಚಿಗೂ ವಾಟ್ಸಾಪ್ ಗ್ರೂಪ್ ಇದೆ. ಜನರನ್ನು ಹುಡುಕಿ ಸೇರಿಸುವ ಕಷ್ಟದ ಅರ್ಧ ಅಲ್ಲಿಯೇ ಮುಗಿದಿದೆ. ಫೋಟೋ ತೆಗೆಸಿಕೊಂಡು ಊಟ ಮುಗಿಸಿ ಹೊರಡುವ ಮುನ್ನ ಎಲ್ಲರ ಕೈಗೂ ಒಂದು ಹಾಳೆ ಕೊಡಬಹುದು. ಓದಿದ ಮೇಲೆ ಏನೇನು ಕೆಲಸ ಮಾಡಿದಿರಿ, ಯಾವುದನ್ನು ಬಿಟ್ಟಿರಿ, ಏಕೆ, ಮನೆಯಲ್ಲಿ ನಿಮ್ಮ ಓದಿನಿಂದ ಏನು ಬದಲಾಯಿತು, ಕಾಲೇಜು ಕಲಿಸಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಕಲಿಸದೆ ಹೋಯಿತು ಎಂಬಷ್ಟು ಪ್ರಶ್ನೆ ಸಾಕು. ಬರಲಾಗದವರಿಗೆ ಫೋನಿನಲ್ಲಿ ಕೇಳಿ ಬರೆದುಕೊಳ್ಳಬಹುದು. ಬ್ಯಾಚಿಗೊಬ್ಬ ಕಾರ್ಯದರ್ಶಿ ಅವನ್ನು ಜೋಡಿಸಿ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟರೆ ಆಯಿತು. ಐದು ವರ್ಷಕ್ಕೊಮ್ಮೆ ಇದನ್ನೇ ಮಾಡಿದರೆ, ಪಠ್ಯಕ್ರಮ ತಿದ್ದುವವರಿಗೆ, ಹಾಸ್ಟೆಲು ಎಲ್ಲಿ ಬೇಕೆಂದು ಯೋಚಿಸುವವರಿಗೆ, ಯಾವ ಕೋರ್ಸು ಸೇರಲಿ ಎಂದು ಅಳುಕುವ ಪಿಯುಸಿ ಮಕ್ಕಳಿಗೆ ಅದಕ್ಕಿಂತ ನಂಬುಗೆಯ ಪುಸ್ತಕ ಬೇರೆ ಸಿಗುವುದಿಲ್ಲ. ಮೊದಲ ಸಂಬಳ ಒಂದು ಕಾಲೇಜಿನ ಒಂದು ವರ್ಷದ ಫಲವನ್ನು ಹೇಳಬಹುದು. ಅದು ಕೊಟ್ಟ ಶಿಕ್ಷಣದ ಬೆಲೆ ಏನೆಂದು ಹೇಳಬಲ್ಲವರು ಅದನ್ನು ಹೊತ್ತು ಐವತ್ತು ವರ್ಷ ಬಾಳಿದ ಎಲ್ಲ ವಿದ್ಯಾರ್ಥಿಗಳು ಮಾತ್ರ. ಅವರನ್ನು ಕೇಳುವುದು ಪ್ರತಿ ಕಾಲೇಜಿನ ಕರ್ತವ್ಯ.