ದಿನಕ್ಕೆ ಎರಡೂವರೆ ರೂಪಾಯಿಯ ಟಿಕೆಟ್

2013ರ ನಡುವಿನಲ್ಲಿ ಪೆನ್‌ಡ್ರೈವ್ ಗಾತ್ರದ ಒಂದು ಸಾಧನ ಮಾರಾಟಕ್ಕೆ ಬಂತು. ಹೆಸರು ಬ್ಲಾಕ್ ಇರಪ್ಟರ್. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಬಿಟ್‌ಕಾಯಿನ್ ಗಣಿಗಾರಿಕೆ ಶುರು. ಆರಂಭದ ಬೆಲೆ ಒಂದಕ್ಕೆ ಸುಮಾರು 2 ಬಿಟ್‌ಕಾಯಿನ್. ಅಂದರೆ ಚಿನ್ನ ಕೊಟ್ಟು ಚಿನ್ನ ಅಗೆಯುವ ಗುದ್ದಲಿ ಕೊಂಡ ಹಾಗೆ. ಆ ಗುದ್ದಲಿ ಎಷ್ಟು ಅಗೆದರೂ ಕೊಟ್ಟ ಎರಡನ್ನು ವಾಪಸು ತರುವ ಸ್ಥಿತಿಯಲ್ಲಿರಲಿಲ್ಲ. ಆದರೂ ಜನ ಕೊಂಡರು. ಒಂದಲ್ಲ, ಹತ್ತು ಕೊಂಡು ಯುಎಸ್‌ಬಿ ಹಬ್‌ಗೆ ಸಾಲಾಗಿ ಸಿಕ್ಕಿಸಿ, ಕಾದು ಹೋಗದಿರಲೆಂದು ಎದುರಿಗೊಂದು ಪುಟ್ಟ ಫ್ಯಾನ್ ಇಟ್ಟರು.

ಆ ಚಾಳಿ ಇಂದಿಗೂ ನಿಂತಿಲ್ಲ. ಸಾಧನ ಬದಲಾಗಿದೆ, ಅಷ್ಟೆ.

‘ಗಣಿಗಾರಿಕೆ’ ಎಂಬ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಮಣ್ಣೂ ಇಲ್ಲ, ಅದಿರೂ ಇಲ್ಲ, ಬಳ್ಳಾರಿಯವರು ಬೆಚ್ಚಬೇಕಿಲ್ಲ. ಬಿಟ್‌ಕಾಯಿನ್ ಎಂದರೆ ಯಾವ ಶಾನುಭೋಗನ ಕೈಗೂ ಸಿಗದ, ಲೋಕದ ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಇಟ್ಟುಕೊಂಡಿರುವ ಒಂದು ಕಿರ್ದಿ ಪುಸ್ತಕ. ಸುಮಾರು 10 ನಿಮಿಷಕ್ಕೊಮ್ಮೆ ಅದಕ್ಕೆ ಹೊಸ ಪುಟ ಸೇರುತ್ತದೆ. ಆ ಪುಟವನ್ನೇ ಬ್ಲಾಕ್ ಎನ್ನುತ್ತಾರೆ. ಪುಟ ಸೇರಿಸುವ ಹಕ್ಕಿಗೆ ಪೈಪೋಟಿ. ಪುಟದ ವಿವರಗಳ ಜೊತೆ ಒಂದು ಸಂಖ್ಯೆ ಸೇರಿಸಿ ಎಸ್‌ಎಚ್‌ಎ-256 ಎಂಬ ಗಣಿತ ಸೂತ್ರಕ್ಕೆ ಹಾಕಬೇಕು. ಹೊರಬಂದ ಉತ್ತರ ಗೊತ್ತುಮಾಡಿದ ಮಿತಿಗಿಂತ ಚಿಕ್ಕದಾಗಿದ್ದರೆ ಗೆದ್ದಂತೆ. ಯಾವ ಸಂಖ್ಯೆ ಹಾಕಿದರೆ ಯಾವ ಉತ್ತರ ಬರುತ್ತದೆಂದು ಮೊದಲೇ ಹೇಳುವ ಜಾಣ ಇನ್ನೂ ಹುಟ್ಟಿಲ್ಲ. ಚೌಕಾಬಾರದ ಕವಡೆಯಂತೆ ಎಸೆಯುತ್ತಲೇ ಇರಬೇಕು. ಹೆಚ್ಚು ಸಲ ಎಸೆದವನಿಗೆ ಗರ ಬೀಳುವ ಸಂಭವ ಹೆಚ್ಚು. ಆಟಗಾರರು ಹೆಚ್ಚಿದರೆ ಗರವೂ ಕಷ್ಟವಾಗುತ್ತದೆ: ಪ್ರತಿ 2016 ಬ್ಲಾಕಿಗೊಮ್ಮೆ, ಅಂದರೆ ಸರಿಸುಮಾರು ಎರಡು ವಾರಕ್ಕೊಮ್ಮೆ, ಜಾಲ ತಾನಾಗಿಯೇ ಮಿತಿಯನ್ನು ಹೊಂದಿಸಿಕೊಳ್ಳುತ್ತದೆ.

2009ರ ಜನವರಿಯಲ್ಲಿ ಆಟ ಶುರುವಾದಾಗ ಮನೆಯ ಸಾದಾ ಕಂಪ್ಯೂಟರ್ ಸಾಕಿತ್ತು. ಗರಕ್ಕೆ 50 ಬಿಟ್‌ಕಾಯಿನ್ ಬಹುಮಾನ. 2010ರಲ್ಲಿ ಅಮೆರಿಕದ ಫ್ಲಾರಿಡಾದ ಪ್ರೋಗ್ರಾಮರ್ ಲಾಸ್ಲೋ ಹಾನ್ಯೆಟ್ಸ್ ವಿಡಿಯೋ ಗೇಮಿಗೆಂದು ಬರುವ ಗ್ರಾಫಿಕ್ಸ್ ಕಾರ್ಡನ್ನು ಈ ಕೆಲಸಕ್ಕೆ ಹಚ್ಚಿದ. ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟು ಹೆಸರಾದವನೂ ಅವನೇ. 2013ರ ಹೊತ್ತಿಗೆ ಕವಡೆ ಎಸೆಯುವುದೊಂದೇ ಕಸುಬಾಗಿರುವ ಚಿಪ್‌ಗಳು ಬಂದವು. ಅವಕ್ಕೆ ಏಸಿಕ್ ಎಂದು ಹೆಸರು. ಅಲ್ಲಿಗೆ ಮನೆಯ ಕಂಪ್ಯೂಟರಿನ ಕಥೆ ಮುಗಿಯಿತು. ಇಂದು ಗಣಿಗಾರಿಕೆ ನಡೆಯುವುದು ಅಗ್ಗದ ಕರೆಂಟು ಸಿಗುವಲ್ಲಿ ಎದ್ದ ಗೋದಾಮುಗಳಲ್ಲಿ. ಆಗಾಗ ಅರ್ಧವಾಗುತ್ತ ಬಂದ ಬಹುಮಾನ 2024ರ ಏಪ್ರಿಲ್‌ನಿಂದ 3.125 ಬಿಟ್‌ಕಾಯಿನ್‌ಗೆ ಇಳಿದಿದೆ. 2025ರಲ್ಲಿ ಇಡೀ ಜಾಲದ ವೇಗ ಒಂದು ಜೆಟಾಹ್ಯಾಶ್ ಮುಟ್ಟಿತು. ಸೆಕೆಂಡಿಗೆ ಎಸೆದ ಕವಡೆ ಎಷ್ಟೆಂದರೆ, ಒಂದರ ಮುಂದೆ 21 ಸೊನ್ನೆ.

ಇಂಥ ಸಂತೆಯೊಳಗೆ ಅಂಗೈಯಗಲದ ಬಿಟ್ಯಾಕ್ಸ್ ಎಂಬ ಯಂತ್ರ ಹಿಡಿದುಕೊಂಡು ನಿಂತವರು ಇಂದಿನ ಹವ್ಯಾಸಿಗಳು. ಹೆಸರಿನಲ್ಲಿ ಕೊಡಲಿ ಇದೆ, ನೋಡಲು ಆಟಿಕೆ. ಒಂದು ಸರ್ಕ್ಯೂಟ್ ಬೋರ್ಡು, ಒಂದು ಚಿಪ್, ಅದರ ಮೇಲೊಂದು ಫ್ಯಾನ್, ಅಂಕಿ ತೋರಿಸುವ ಬೆರಳಗಲದ ಪರದೆ. ‘ಸ್ಕಾಟ್’ ಎಂಬ ಅಡ್ಡಹೆಸರಿನ ಎಂಜಿನಿಯರ್ ಶುರುಮಾಡಿದ ಯೋಜನೆ ಇದು. ಇದರೊಳಗಿನ ಚಿಪ್ ಮಾತ್ರ ಆಟಿಕೆಯದಲ್ಲ. ಚೀನಾದ ಬಿಟ್‌ಮೈನ್ ಕಂಪನಿ ತನ್ನ ದೈತ್ಯ ಯಂತ್ರಗಳಿಗೆಂದೇ ಮಾಡುವ ಚಿಪ್ ಅದು. ಅದರ ಒಳಗುಟ್ಟನ್ನು ಕಂಪನಿ ಬಿಟ್ಟುಕೊಟ್ಟಿರಲಿಲ್ಲ. ಯಂತ್ರದಿಂದ ಚಿಪ್ ಕಿತ್ತು, ಅದು ಯಾವ ಮಾತಿಗೆ ಹೇಗೆ ಓಗೊಡುತ್ತದೆಂದು ಪರೀಕ್ಷಿಸಿ ಹವ್ಯಾಸಿಗಳೇ ಪತ್ತೆಮಾಡಿದರು. ಬಳಿಕ ಬೋರ್ಡಿನ ನಕ್ಷೆಯನ್ನೂ ತಂತ್ರಾಂಶವನ್ನೂ ಎಲ್ಲರ ಮುಂದೆ ತೆರೆದಿಟ್ಟರು. ಬೆಸುಗೆ ಹಾಕಲು ಬರುವವರು ಯಾರು ಬೇಕಾದರೂ ಮನೆಯಲ್ಲೇ ಕಟ್ಟಿಕೊಳ್ಳಬಹುದು.

ಈಗ ಲೆಕ್ಕಕ್ಕೆ ಬರೋಣ. ರಸ ಇರುವುದೇ ಅಲ್ಲಿ.

‘ಗಾಮಾ’ ಎಂಬ ಮಾದರಿ ಸೆಕೆಂಡಿಗೆ ಸುಮಾರು 1.2 ಲಕ್ಷ ಕೋಟಿ ಸಲ ಕವಡೆ ಎಸೆಯುತ್ತದೆ. ಕೇಳಲು ದೊಡ್ಡ ಅಂಕಿ. ಆದರೆ ಒಂದು ಜೆಟಾಹ್ಯಾಶಿನ ಜಾಲಕ್ಕೆ ಸಮನಾಗಬೇಕಾದರೆ ಇಂಥವು 83 ಕೋಟಿ ಬೇಕು. ವರ್ಷಕ್ಕೆ ಹುಟ್ಟುವ ಬ್ಲಾಕ್‌ಗಳು ಸುಮಾರು 52,500. ಭಾಗಿಸಿ ನೋಡಿದರೆ, ಒಂದು ಗಾಮಾಕ್ಕೆ ಸರಾಸರಿ 16,000 ವರ್ಷಕ್ಕೊಮ್ಮೆ ಗರ ಬೀಳುತ್ತದೆ.

ಅಷ್ಟು ಕಾಯಲಾರದವರಿಗೆ ಪೂಲ್ ಇದೆ: ಎಲ್ಲರೂ ಸೇರಿ ಎಸೆಯುವುದು, ಯಾರಿಗೆ ಗರ ಬಿದ್ದರೂ ಹಂಚಿಕೊಳ್ಳುವುದು. 2010ರಲ್ಲಿ ಪ್ರಾಗ್‌ನಲ್ಲಿ ಶುರುವಾದ ಉಪಾಯ. ಒಂದು ಬಿಟ್‌ಕಾಯಿನ್‌ಗೆ 80 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಗಾಮಾದ ಪಾಲಿಗೆ ದಿನಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಬರುತ್ತದೆ. ಅದು ಎಳೆಯುವ ವಿದ್ಯುತ್ತು ಸುಮಾರು 18 ವಾಟ್, ಅಂದರೆ ಎರಡು ಎಲ್‌ಇಡಿ ಬಲ್ಬಿನಷ್ಟು. ಯೂನಿಟ್‌ಗೆ 6 ರೂಪಾಯಿಯಂತೆ ದಿನದ ಖರ್ಚು 2 ರೂಪಾಯಿ 60 ಪೈಸೆ. ಉಳಿತಾಯ ಎರಡು ರೂಪಾಯಿಯೂ ಇಲ್ಲ. ಯಂತ್ರಕ್ಕೆ ಹಾಕಿದ್ದು ಹತ್ತು ಸಾವಿರ ಎಂದುಕೊಂಡರೂ ಅಸಲು ಹುಟ್ಟಲು ಹದಿನಾರು ವರ್ಷ ಬೇಕು. ಅಷ್ಟರಲ್ಲಿ ಜಾಲ ಇನ್ನೆಷ್ಟು ಬೆಳೆದಿರುತ್ತದೋ, ಬಹುಮಾನ ಇನ್ನೆಷ್ಟು ಸಲ ಅರ್ಧವಾಗಿರುತ್ತದೋ! ವ್ಯಾಪಾರವಾಗಿ ನೋಡಿದರೆ ಇದು ಶುದ್ಧ ದಂಡ.

ಹೀಗಿರುವಾಗ ಬಿಟ್ಯಾಕ್ಸ್ ಕೊಂಡ ಬಹುಪಾಲು ಮಂದಿ ಪೂಲ್‌ನ ಚಿಲ್ಲರೆಯತ್ತ ತಿರುಗಿ ನೋಡುವುದಿಲ್ಲ. ಬಿದ್ದರೆ ಪೂರ್ತಿ ಗರ, ಇಲ್ಲದಿದ್ದರೆ ಏನೂ ಬೇಡ ಎಂದು ಒಂಟಿಯಾಗಿ ಆಡುತ್ತಾರೆ. ಇದು ಹುಚ್ಚೇ? ಕರ್ನಾಟಕದವರಿಗೆ ಗೊತ್ತಿರುವ ಇನ್ನೊಂದು ಆಟದ ಪಕ್ಕ ಇಟ್ಟು ನೋಡಬಹುದು. 2007ರಲ್ಲಿ ನಮ್ಮಲ್ಲಿ ಲಾಟರಿ ನಿಂತ ಮೇಲೆ ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಗೆ ಹೋಗಿ ಕೇರಳದ ಟಿಕೆಟ್ ತರುವವರು ಇದ್ದೇ ಇದ್ದಾರೆ. 2024ರ ಓಣಂ ಬಂಪರ್‌ನ 25 ಕೋಟಿ ಬಂದದ್ದು ಮಂಡ್ಯ ಜಿಲ್ಲೆಗೆ. ಆ ಸಲ 500 ರೂಪಾಯಿಯ ಟಿಕೆಟ್ 70 ಲಕ್ಷಕ್ಕೂ ಹೆಚ್ಚು ಖರ್ಚಾದವು. ಮೊದಲ ಬಹುಮಾನದ ಸಂಭವ 70 ಲಕ್ಷಕ್ಕೊಂದು ಎಂದಾಯಿತು. ಗಾಮಾಕ್ಕೆ ಒಂದು ದಿನದಲ್ಲಿ ಗರ ಬೀಳುವ ಸಂಭವ? ಸುಮಾರು 58 ಲಕ್ಷಕ್ಕೊಂದು. ಬಹುಮಾನ ಬಂಪರಿನ ಹತ್ತನೆಯ ಒಂದು ಭಾಗ, ಎರಡೂವರೆ ಕೋಟಿ. ಆದರೆ ಆ ದಿನದ ಟಿಕೆಟ್ಟಿಗೆ ತೆತ್ತದ್ದು 500 ರೂಪಾಯಿ ಅಲ್ಲ, ಎರಡೂವರೆ ರೂಪಾಯಿಯ ಕರೆಂಟು. ಯಂತ್ರದ ಬೆಲೆಯನ್ನು ಐದು ವರ್ಷಕ್ಕೆ ಹಂಚಿ ಸೇರಿಸಿದರೂ ದಿನಕ್ಕೆ ಎಂಟೊಂಬತ್ತು ರೂಪಾಯಿ. ಬೆಳಿಗ್ಗೆ ಎದ್ದಾಗ ಹೊಸ ಟಿಕೆಟ್ ತಾನಾಗಿಯೇ ಕೈಯಲ್ಲಿರುತ್ತದೆ. ಗಣಿ ಎಂದು ಕೊಂಡರೆ ಮೋಸ. ಲಾಟರಿ ಎಂದು ಕೊಂಡರೆ ಇಷ್ಟು ಅಗ್ಗದ್ದು ಸಿಗುವುದು ಕಷ್ಟ.

ಗರ ಬಿದ್ದದ್ದೂ ಉಂಟು. 2022ರ ಜನವರಿಯಲ್ಲಿ, ಬಹುಮಾನ ಇನ್ನೂ 6.25 ಬಿಟ್‌ಕಾಯಿನ್ ಇದ್ದಾಗ, ಗಾಮಾದ ನೂರು ಪಟ್ಟಿನಷ್ಟು, ಅಂದರೆ 126 ಟೆರಾಹ್ಯಾಶ್ ಬಲದ ಒಬ್ಬ ಒಂಟಿ ಆಟಗಾರ ಇಡೀ ಬ್ಲಾಕ್ ಗೆದ್ದ. 2024ರ ಜುಲೈನಲ್ಲಿ ಬಿಟ್ಯಾಕ್ಸ್ ಹಿಡಿದವರೊಬ್ಬರಿಗೂ ಬಿತ್ತು. ಇಂಥ ಒಂಟಿಗರು ಹೆಚ್ಚಾಗಿ ಹೋಗುವ, ಹೆಸರಿಗಷ್ಟೇ ಪೂಲ್ ಆದ ಕಟ್ಟೆ ಸಿಕೆಪೂಲ್. ಅದನ್ನು ಕಟ್ಟಿದ ಕಾನ್ ಕೊಲಿವಾಸ್ ವೃತ್ತಿಯಲ್ಲಿ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ. ಪ್ರೋಗ್ರಾಮಿಂಗ್ ಆತನಿಗೂ ಹವ್ಯಾಸವೇ. ಗೆದ್ದವರಿಂದ ಶೇ 2 ಕಮಿಷನ್, ಸೋತವರಿಂದ ಏನೂ ಇಲ್ಲ.

ಹಣದ ಮಾತು ಬಿಟ್ಟರೂ ಹವ್ಯಾಸಿಗಳ ಉತ್ಸಾಹ ಬತ್ತುವುದಿಲ್ಲ. ಯಂತ್ರದ ಪರದೆಯಲ್ಲಿ ‘ಬೆಸ್ಟ್ ಡಿಫಿಕಲ್ಟಿ’ ಎಂಬ ಸಾಲೊಂದಿದೆ: ಈವರೆಗೆ ಎಸೆದ ಕವಡೆಗಳಲ್ಲಿ ಗರಕ್ಕೆ ಅತಿ ಹತ್ತಿರ ಬಿದ್ದದ್ದು ಯಾವುದು ಎಂಬ ಲೆಕ್ಕ. ಅದನ್ನು ಏರಿಸುವುದೇ ಒಂದು ಪಂದ್ಯ. ಚಿಪ್‌ನ ವೋಲ್ಟೇಜು, ವೇಗ ತಿರುಚಿ, ದೊಡ್ಡ ಹೀಟ್‌ಸಿಂಕ್ ಕೂರಿಸಿ, ಉಷ್ಣಾಂಶ ಎರಡು ಡಿಗ್ರಿ ಇಳಿಸಿದ್ದಕ್ಕೆ ಹಿಗ್ಗುತ್ತಾರೆ. ಗಾಮಾಕ್ಕೆ ಬೇಕಾದದ್ದು 5 ವೋಲ್ಟ್. ಕೈಗೆ ಸಿಕ್ಕ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿ ಬೋರ್ಡು ಸುಟ್ಟುಕೊಂಡವರೂ ಇದ್ದಾರೆ. ಸುಟ್ಟ ಮೇಲೆ ಯಾವ ಬಿಡಿಭಾಗ ಹೋಯಿತೆಂದು ಹುಡುಕುತ್ತ ಕೂರುವುದೂ ಆಟದ ಭಾಗವೇ. ಹ್ಯಾಮ್ ರೇಡಿಯೋ ಹಿಡಿದವರನ್ನು ಕಂಡವರಿಗೆ ಈ ಜಾತಿಯ ಮನುಷ್ಯರ ಪರಿಚಯ ಇದ್ದೇ ಇರುತ್ತದೆ. ಬ್ರೆಜಿಲ್‌ಗೆ ಫೋನ್ ಮಾಡುವುದು ಸುಲಭವಲ್ಲವೇ ಎಂದು ಅವರನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಈ ಹವ್ಯಾಸದ ತುತ್ತತುದಿ ನರ್ಡ್‌ಮೈನರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವಂಥ ಇಎಸ್‌ಪಿ32 ಚಿಪ್ಪಿನ ಮೇಲೆಯೇ ಓಡುವ ಗಣಿ. ಸೆಕೆಂಡಿಗೆ ಎಸೆಯುವುದು 78 ಸಾವಿರದ ಆಸುಪಾಸು. ಇದಕ್ಕೆ ಗರ ಬೀಳಬೇಕಾದರೆ ಸರಾಸರಿ 24,000 ಕೋಟಿ ವರ್ಷ ಬೇಕು. ವಿಶ್ವ ಹುಟ್ಟಿಯೇ ಇನ್ನೂ 1,380 ಕೋಟಿ ವರ್ಷವಾಗಿದೆ. ಇದನ್ನು ಇಟ್ಟುಕೊಂಡವರಿಗೆ ಆಸೆಯ ಭ್ರಮೆ ಇರಲು ಸಾಧ್ಯವೇ ಇಲ್ಲ. ಮೇಜಿನ ಮೇಲೆ ಅಂಕಿ ಓಡುವುದನ್ನು ನೋಡುವುದೇ ಅವರಿಗೆ ಬೇಕಾದದ್ದು. ಬ್ಲಾಕ್ ಎಂದರೇನು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ಸಾಧನವೂ ಇಲ್ಲ.

ಇನ್ನು ಕೆಲವರದು ತತ್ವದ ಮಾತು. ಇಡೀ ಜಾಲದ ಬಲದಲ್ಲಿ ಸುಮಾರು ಅರ್ಧ ಫೌಂಡ್ರಿ ಮತ್ತು ಆಂಟ್‌ಪೂಲ್ ಎಂಬ ಎರಡೇ ಪೂಲ್‌ಗಳ ಮೂಲಕ ಹರಿಯುತ್ತದೆ. ಯಾರ ಹಿಡಿತಕ್ಕೂ ಸಿಗಬಾರದೆಂದು ಹುಟ್ಟಿದ ಹಣಕ್ಕೆ ಇದು ಶೋಭೆಯಲ್ಲ, ಮನೆಮನೆಯಲ್ಲಿ ಒಂದೊಂದು ಯಂತ್ರ ಇರಬೇಕು ಎನ್ನುತ್ತಾರೆ. ತರ್ಕ ಸರಿಯೇ ಇದೆ, ಆದರೆ 83 ಕೋಟಿಯ ಲೆಕ್ಕ ಅದರ ಪಕ್ಕದಲ್ಲೇ ಕೂತಿದೆ. ಚಳಿದೇಶಗಳಲ್ಲಿ ಇನ್ನೊಂದು ಸಮರ್ಥನೆ ನಡೆಯುತ್ತದೆ. 2016ರ ಆಂಟ್‌ಮೈನರ್ ಎಸ್9 ಎಂಬ ಗಣಿ ಯಂತ್ರ ಈಗ ಗುಜರಿ ಬೆಲೆಗೆ ಸಿಗುತ್ತದೆ. 1,300 ವಾಟ್ ತಿಂದು ಕೋಣೆ ಬೆಚ್ಚಗಿಡುತ್ತದೆ. ಹೇಗೂ ಹೀಟರ್‌ಗೆ ಸುಡುವ ಕರೆಂಟಿನಿಂದ ಕಾಲು ಭಾಗ ಹಣ ವಾಪಸು ಬಂದರೆ ಲಾಭವೇ ತಾನೇ? ಅದರ ಫ್ಯಾನಿನ ಸದ್ದು ತಡೆದುಕೊಳ್ಳುವ ಕಿವಿ ಇದ್ದರೆ ಹೌದು. ನಮ್ಮ ಊರುಗಳಲ್ಲಿ ಈ ವಾದ ಮಡಿಕೇರಿಯ ಜನವರಿಯನ್ನೂ ದಾಟಲಾರದು.

ಇವರ ನಷ್ಟ ನಗೆಯ ನಷ್ಟ, ಏಕೆಂದರೆ ಅಂಕಿ ಗೊತ್ತಿದ್ದೇ ಕೈಹಾಕಿದವರು. ಲಾಭ ಬರುತ್ತದೆಂದು ನಂಬಿ ಕೆಟ್ಟವರ ಕಥೆ ಬೇರೆ. ಅಮೆರಿಕದ ಕ್ಯಾನ್ಸಸ್‌ನ ಬಟರ್‌ಫ್ಲೈ ಲ್ಯಾಬ್ಸ್ 149 ಡಾಲರ್‌ನಿಂದ 29,899 ಡಾಲರ್‌ವರೆಗಿನ ಯಂತ್ರಗಳಿಗೆ ಮುಂಗಡ ಹಣ ಪಡೆಯಿತು. ಅನೇಕರಿಗೆ ಯಂತ್ರ ಬರಲೇ ಇಲ್ಲ; ಕೆಲವರಿಗೆ ಬಂದದ್ದು ತಿಂಗಳುಗಟ್ಟಲೆ ತಡವಾಗಿ. ಎರಡು ವಾರಕ್ಕೊಮ್ಮೆ ಆಟ ಬಿಗಿಯಾಗುವ ಲೋಕದಲ್ಲಿ ತಡವಾಗಿ ಬಂದ ಯಂತ್ರ ಸಂತೆ ಮುಗಿದ ಮೇಲೆ ಬಂದ ಗಾಡಿ. 2014ರ ಸೆಪ್ಟೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋಗಿ ಕಂಪನಿಯ ವ್ಯವಹಾರ ನಿಲ್ಲಿಸಿತು. ಇವತ್ತೂ ತಿಂಗಳಿಗೆ ಇಂತಿಷ್ಟು ಆದಾಯ ಎಂದು ಹೇಳಿ ಗಣಿ ಯಂತ್ರ ಮಾರುವವರು ಕಂಡರೆ, ಅಷ್ಟು ಆದಾಯ ಬರುವ ಯಂತ್ರವನ್ನು ಅವರೇಕೆ ಮಾರುತ್ತಿದ್ದಾರೆ ಎಂದು ಕೇಳಬೇಕು.

ಭಾರತದಲ್ಲಿ ಕೂತು ಆಡುವವರಿಗೆ ಆದಾಯ ತೆರಿಗೆಯೂ ಒಂದು ಮನೆ ಹಾಕಿಟ್ಟಿದೆ. 2022ರ ಏಪ್ರಿಲ್ 1ರಿಂದ ಬಿಟ್‌ಕಾಯಿನ್‌ನಂಥ ಆಸ್ತಿಯನ್ನು ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ಹಾಕಿದ ಹಣ ಕೊಂಡ ಬೆಲೆಯಲ್ಲಿ ಸೇರುವುದಿಲ್ಲವೆಂದು ಹಣಕಾಸು ಸಚಿವಾಲಯ ಆ ಮಾರ್ಚ್‌ನಲ್ಲೇ ಸಂಸತ್ತಿಗೆ ತಿಳಿಸಿತ್ತು. ಲಾಟರಿ ಗೆದ್ದವರಿಗೆ ಅದೇ ಕಾಯ್ದೆ ಹಾಕುವ ತೆರಿಗೆಯ ದರವೂ ಶೇ 30.