ಮಾಸಾಶನದ ಮೇಲೆ ಬದುಕುವ ಅಂಗವಿಕಲರಿಗೆ ಮನೆ: ಹಕ್ಕುಪತ್ರ ಯಾರ ಹೆಸರಿನಲ್ಲಿದೆ?



ವಿದ್ಯಾರ್ಥಿವೇತನದ ಅರ್ಜಿಗಳ ಪರಿಶೀಲನೆಗೆಂದು ಈ ವರ್ಷ ಮನೆಮನೆಗೆ ಹೋದಾಗ ಒಬ್ಬ ತಾಯಿ ನಮ್ಮನ್ನು ಕೇಳಿದ್ದು ಮಗಳ ಫೀಸಿನ ವಿಷಯವನ್ನಲ್ಲ. ಚಾಪೆಯ ಮೇಲೆ ಕುಳಿತಿದ್ದ ಹಿರಿಮಗನನ್ನು ತೋರಿಸಿ, "ಮೇಷ್ಟ್ರೇ, ನಾವು ಕಣ್ಮುಚ್ಚಿದ ಮೇಲೆ ಇವನು ಎಲ್ಲಿರಬೇಕು?" ಎಂದರು. ಹುಡುಗನಿಗೆ ಇಪ್ಪತ್ತಾರು ವರ್ಷ. ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಕಚೇರಿಗಳಿಗೆ ಅಲೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ರಾಜ್ಯದಲ್ಲಿ ಅಂಗವೈಕಲ್ಯ ಶೇ. 40ರಿಂದ 75ರೊಳಗಿದ್ದರೆ ತಿಂಗಳ ಮಾಸಾಶನ 800 ರೂಪಾಯಿ, ಅದಕ್ಕೂ ಹೆಚ್ಚಿದ್ದರೆ 1,400. ಇದರಲ್ಲಿ ಬಾಡಿಗೆ ಕಟ್ಟಿ ಹೊಟ್ಟೆ ಹೊರೆಯುವ ಮಾತೇ ಇಲ್ಲ. ಭೋಗ್ಯಕ್ಕೆ ಹಾಕಿಕೊಳ್ಳೋಣವೆಂದರೆ ಒಂದೇ ಗಂಟಿನಲ್ಲಿ ಲಕ್ಷಗಟ್ಟಲೆ ಬೇಕು. ಹೀಗಾಗಿ ಉಳಿಯುವ ದಾರಿ ಸರ್ಕಾರದ ವಸತಿ ಯೋಜನೆಗಳದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಂ ಪ್ರಕಾರ ವಸತಿ ಹಂಚಿಕೆಯಲ್ಲಿ ಶೇ. 5 ಮೀಸಲು ಇದೆ, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿದೆ ಎಂಬ ಪ್ರಮಾಣ ಬೇಕು, ಅದಕ್ಕೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಕೊಳ್ಳಿ. ಗ್ರಾಮೀಣ ಭಾಗದಲ್ಲಿ ಪ್ರಧಾನಮಂತ್ರಿ ಆವಾಸ್ ಮತ್ತು ಬಸವ ವಸತಿ ಯೋಜನೆಗಳಿವೆ. ದೇವರಾಜ ಅರಸು ವಸತಿ ಯೋಜನೆಯಂತೂ ಅಂಗವಿಕಲರು, ವಿಧವೆಯರು ಮೊದಲಾದ ವಿಶೇಷ ವರ್ಗದವರಿಗಾಗಿಯೇ ಇರುವುದು.

ನಮ್ಮ ಜನ ಎಡವುವುದು ಎರಡು ಕಡೆ. ಪಂಚಾಯಿತಿಯಲ್ಲಿ 'ವಸತಿ ರಹಿತರು' ಮತ್ತು 'ನಿವೇಶನ ರಹಿತರು' ಎಂದು ಬೇರೆ ಬೇರೆ ಪಟ್ಟಿಗಳಿವೆ. ಮನೆಯ ಅನುದಾನ ಸಿಗುವುದು ಜಾಗ ಇದ್ದವರಿಗೆ. ಜಾಗವೇ ಇಲ್ಲದವರು ಮೊದಲು ಎರಡನೆಯ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಗ್ರಾಮಸಭೆಗೆ ಹೋಗದೆ "ನಮ್ಮ ಹೆಸರು ಬರಲಿಲ್ಲ" ಎಂದರೆ ಆಗದು. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯೂ. ಇರುತ್ತಾರೆ. ಅವರೂ ಬಹುಮಟ್ಟಿಗೆ ಅಂಗವಿಕಲರೇ, ಕಷ್ಟ ಬಲ್ಲವರು. ಮೊದಲು ಅವರನ್ನು ಕಾಣಿ.

ಇನ್ನೊಂದು ತಪ್ಪು ಹೇಳುವುದಕ್ಕೆ ಸಂಕೋಚ, ಆದರೂ ಹೇಳಬೇಕು. ಅಂಗವಿಕಲ ಮಗನ ಕಾರ್ಡ್ ತೋರಿಸಿ ಮನೆ ಕೇಳುತ್ತೇವೆ. ಹಕ್ಕುಪತ್ರ ಮಾತ್ರ ಗಟ್ಟಿಮುಟ್ಟಾದ ತಮ್ಮನ ಹೆಸರಿಗೆ ಮಾಡಿಸುತ್ತೇವೆ. "ಅವನಿಗೆ ಓಡಾಡಲು ಆಗುವುದಿಲ್ಲವಲ್ಲ, ತಮ್ಮ ನೋಡಿಕೊಳ್ಳುತ್ತಾನೆ" ಎಂಬ ಸಮಾಧಾನ. ತಮ್ಮ ಒಳ್ಳೆಯವನೇ ಇರಬಹುದು. ನಾಳೆ ಅವನ ಸಾಲಕ್ಕೆ ಮನೆ ಅಡವಿಗೆ ಹೋದರೆ, ಅವನ ಮಕ್ಕಳು ಪಾಲು ಮಾಡಿಕೊಂಡರೆ, ಯಾರ ಹೆಸರಿನಲ್ಲಿ ಮನೆ ಬಂತೋ ಅವನೇ ಹಜಾರದ ಮೂಲೆಗೆ ಸೇರುತ್ತಾನೆ. ಆಸ್ತಿ ಹೊಂದುವ ಹಕ್ಕು ಅಂಗವಿಕಲರಿಗೆ ಎಲ್ಲರಂತೆಯೇ ಇದೆ ಎಂದು ಅದೇ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಹಕ್ಕುಪತ್ರ ಅವರ ಹೆಸರಿಗೇ ಇರಲಿ.

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸಿಕೊಳ್ಳಬಹುದು. ಅರ್ಜಿ ಹೋಗುವುದು ಜಿಲ್ಲೆಯ ಸ್ಥಳೀಯ ಸಮಿತಿಗೆ. ನೇಮಕಗೊಂಡವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಲೆಕ್ಕ ಕೇಳುವವರಿದ್ದಾರೆ ಎಂಬುದೇ ಒಂದು ರಕ್ಷಣೆ. ತಂದೆತಾಯಿ ಇರುವಾಗಲೇ ಇದನ್ನು ಮಾಡಿಸಿಡಬೇಕು.

ಮನೆ ಮಂಜೂರಾದರೆ ತಳಪಾಯ ಹಾಕುವ ಮುಂಚೆಯೇ ಮೇಸ್ತ್ರಿಯ ಹತ್ತಿರ ಕೂತು ಮಾತಾಡಿ. ವೀಲ್‌ಚೇರ್ ಇಳಿಜಾರಿಗೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ಮನೆ ಒಂದೂವರೆ ಅಡಿ ಎತ್ತರದಲ್ಲಿದ್ದರೆ ಇಳಿಜಾರು 18 ಅಡಿ ಆಯಿತು! ಸಣ್ಣ ನಿವೇಶನದಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಆದ್ದರಿಂದ ತಳಪಾಯವನ್ನೇ ತಗ್ಗಿಸಬೇಕಾದೀತು. ಬಾಗಿಲು ಮೂರು ಅಡಿ ಅಗಲವಿರಲಿ, ಪಾಯಿಖಾನೆಯದೂ ಸೇರಿ. ಪಟ್ಟಣಗಳ ಬಹುಮಹಡಿ ಮನೆಗಳಲ್ಲಿ ನೆಲಮಹಡಿಯನ್ನೇ ಬರವಣಿಗೆಯಲ್ಲಿ ಕೇಳಿ.

ದಾನಿಗಳಲ್ಲಿ ಒಂದು ವಿನಂತಿ. ಅನುದಾನ ಬರುವುದು ಕಂತುಗಳಲ್ಲಿ: ತಳಪಾಯ, ಗೋಡೆ, ಛಾವಣಿ ಎಂದು ಕೆಲಸ ಮುಗಿದಷ್ಟಕ್ಕೆ ಹಣ. ಮೊದಲು ಕೈಯಿಂದ ಹಾಕಲು ಇವರ ಬಳಿ ಏನೂ ಇರುವುದಿಲ್ಲ. ಮಂಜೂರಾದ ಮನೆ ತಳಪಾಯಕ್ಕೇ ನಿಂತದ್ದನ್ನು ನೋಡಿದ್ದೇವೆ. ಈ ಅಂತರ ತುಂಬಲು ಕರ್ಝೆ ಹಸನ್ ನಿಧಿಯೊಂದನ್ನು ಬೇರೆಯಾಗಿ ಇಡಲು ನಿರ್ಧರಿಸಿದ್ದೇವೆ. ಕಂತು ಬಂದಾಗ ಅಸಲು ಮಾತ್ರ ವಾಪಸ್, ಮತ್ತೊಂದು ಮನೆಗೆ ಅದೇ ಹಣ.

ಪೋಷಕರ ಗಮನಕ್ಕೆ: ಈ ಸಲದ ವಿದ್ಯಾರ್ಥಿವೇತನ ಅರ್ಜಿಯಲ್ಲಿ ಮನೆಯಲ್ಲಿ ಅಂಗವಿಕಲರು ಇದ್ದಾರೆಯೇ, ಕಾರ್ಡ್ ಇದೆಯೇ ಎಂಬ ಅಂಕಣ ಸೇರಿಸಿದ್ದೇವೆ. ಮುಚ್ಚಿಡದೆ ತುಂಬಿ. ಇದರಿಂದ ಮಗುವಿನ ವಿದ್ಯಾರ್ಥಿವೇತನ ಕಡಿಮೆಯಾಗುವುದಿಲ್ಲ.

ಆ ತಾಯಿಯ ಮಗನ ಹೆಸರು ಕಳೆದ ಗ್ರಾಮಸಭೆಯಲ್ಲಿ ನಿವೇಶನ ರಹಿತರ ಪಟ್ಟಿಗೆ ಸೇರಿದೆ, ಅವನದೇ ಹೆಸರು. ನಿವೇಶನ ಇನ್ನೂ ಬಂದಿಲ್ಲ.